ದನಿ ನಿಂತರೆ ಕೈ ನಿಲ್ಲಬೇಕು

ಆ ಸೋಮವಾರ ಬೆಳಿಗ್ಗೆ ಅವಳು ಕ್ರೇನಿನ ಏಣಿಯನ್ನು ಮೆಟ್ಟಿಲಿಗೊಂದರಂತೆ ಬೈಗುಳ ಹಂಚುತ್ತ ಹತ್ತಿದಳು. ಮೆಟ್ಟಿಲುಗಳು ಮುನ್ನೂರ ಹನ್ನೆರಡು. ಬೈಗುಳವೆಲ್ಲ ಒಬ್ಬನಿಗೇ ಸಲ್ಲಬೇಕಾದದ್ದು. ಆ ಒಬ್ಬ ಕೆಳಗೆ ಏಣಿಯ ಬುಡದಲ್ಲಿ ಹಳದಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನಿಂತಿದ್ದ. ದಿನವೂ ಹೇಳುವಂತೆ "ಹುಷಾರು" ಎಂದಿದ್ದ. ದಿನವೂ ಹೇಳುವ "ನೀನೂ" ಎಂಬ ಮಾತನ್ನು ಅವಳು ಅವತ್ತು ಹೇಳಲಿಲ್ಲ.

ಅವಳು ಟವರ್ ಕ್ರೇನ್ ಓಡಿಸುವವಳು. ಹದಿನೆಂಟು ಅಂತಸ್ತಿನ ಆಸ್ಪತ್ರೆಯೊಂದು ಏಳುತ್ತಿದ್ದ ಸೈಟಿನಲ್ಲಿ, ಎಲ್ಲರ ತಲೆಯ ಮೇಲೆ ಗಾಜಿನ ಕ್ಯಾಬಿನ್ನಿನೊಳಗೆ ಕೂತು, ಟನ್ನುಗಟ್ಟಲೆ ಕಬ್ಬಿಣವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಇಳಿಸುವುದು ಅವಳ ಕೆಲಸ. ಅವನು ಅವಳ ಸಿಗ್ನಲ್‌ಮ್ಯಾನ್. ಕಟ್ಟಡದ ಹಿಂಬದಿಗೆ ಏನಾದರೂ ಇಳಿಸುವಾಗ ಅವಳಿಗೆ ಕೊಕ್ಕೆಯೂ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ. ಆಗ ಅವನು ಕೆಳಗೆ ನಿಂತು ವಾಕಿಟಾಕಿಯಲ್ಲಿ ಹೇಳುತ್ತ ಹೋಗುತ್ತಾನೆ: ಹತ್ತು ಅಡಿ, ಒಂಬತ್ತು, ಎಂಟು, ಮೆಲ್ಲಗೆ, ನಿಲ್ಲು. ಎರಡು ವರ್ಷದಿಂದ ದಿನಕ್ಕೆ ಎಂಟು ಗಂಟೆ ಅವಳು ಆ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡು ಬದುಕಿದ್ದಳು. ಇನ್ನು ಪ್ರೀತಿಸದೆ ಏನು ಮಾಡುತ್ತಾಳೆ, ನೀವೇ ಹೇಳಿ.

ಕೆಲಸದವರು ಅವಳಿಗೆ ಮೇಲ್ಮನೆ ಎಂದೂ ಅವನಿಗೆ ಕೆಳಮನೆ ಎಂದೂ ಹೆಸರಿಟ್ಟಿದ್ದರು. "ಎರಡೂ ಮನೆ ಒಪ್ಪಿದ್ರೆ ಮಾತ್ರ ಇಲ್ಲಿ ಏನಾದ್ರೂ ಪಾಸಾಗೋದು" ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಇಬ್ಬರ ನಡುವೆ ಏನಿದೆ ಎನ್ನುವುದು ಇಡೀ ಸೈಟಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಓಡಾಡುತ್ತಿದ್ದವರು ಅವರಿಬ್ಬರೇ.

ಸೈಟ್ ಆಫೀಸಿನ ಗೋಡೆಯ ಮೇಲೆ ಒಂಬತ್ತು ನಿಯಮಗಳ ಬೋರ್ಡ್ ಇತ್ತು. ಅವಳಿಗೆ ಬಾಯಿಪಾಠವಾಗಿದ್ದದ್ದು ನಾಲ್ಕನೆಯದು ಮಾತ್ರ: ದನಿ ನಿಂತರೆ ಕೈ ನಿಲ್ಲಬೇಕು. ಸಿಗ್ನಲ್‌ಮ್ಯಾನ್ ಸುಮ್ಮನಾದರೆ ಯಾಕೆ ಸುಮ್ಮನಾದ ಎಂದು ಯೋಚಿಸುವ ಹಕ್ಕು ಆಪರೇಟರಿಗಿಲ್ಲ. ಮೊದಲು ನಿಲ್ಲಿಸಬೇಕು. ಉಳಿದ ಎಂಟನ್ನು ಪೂರ್ತಿ ಓದಿದವನು ಸೈಟಿನಲ್ಲಿ ಕೆಳಮನೆಯೊಬ್ಬನೇ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನೂ ಓದಿ ಮುಗಿಸಿಯೇ ಬಿಸ್ಕತ್ತು ಬಾಯಿಗಿಡುವ ಆಸಾಮಿ ಅವನು. ಯಾವುದಕ್ಕೂ ಅಳೆದು ಸುರಿದು ನೋಡಬೇಕು. ಅವಳಿಗೋ, ಮೂಗಿನ ತುದಿಯಲ್ಲೇ ಕೋಪ, ಕಣ್ಣಿನ ತುದಿಯಲ್ಲೇ ನೀರು.

ಇಂಥವನು ಭಾನುವಾರ ನಾಲ್ಕು ಗಂಟೆಗೆ ಅವಳ ಅಕ್ಕನ ಮನೆಗೆ ಬರುತ್ತೇನೆ ಎಂದಿದ್ದ. "ಬಂದು ನಿಮ್ಮಕ್ಕನ್ನ ಕೇಳ್ತೀನಿ" ಎಂದಿದ್ದ. ಏನು ಕೇಳುತ್ತೀ ಎಂದು ಅವಳು ವಿಚಾರಿಸಲಿಲ್ಲ, ವಿಚಾರಿಸಿದರೆ ಅಲ್ಲೇ ನಾಲ್ಕು ಜನರ ಮುಂದೆ ಕುಣಿದುಬಿಡುತ್ತೇನೆ ಅನ್ನಿಸಿತ್ತು. ಅಕ್ಕ ಒಳ್ಳೆಯ ಕಪ್ಪುಗಳನ್ನು ತೆಗೆದಿಟ್ಟಳು. ನಾಲ್ಕಾಯಿತು. ಐದಾಯಿತು. ಆರೂವರೆಗೆ ಅಕ್ಕ ಕಪ್ಪುಗಳನ್ನು ಒಂದೊಂದಾಗಿ ಕಪಾಟಿಗೆ ವಾಪಸ್ ಇಟ್ಟಳು. ಅವನಿಂದ ಫೋನಿಲ್ಲ, ಮೆಸೇಜಿಲ್ಲ.

ಆ ಕಪ್ಪುಗಳ ಸದ್ದನ್ನು ತಲೆಯಲ್ಲಿ ತುಂಬಿಕೊಂಡೇ ಅವಳು ಸೋಮವಾರ ಲಿವರ್ ಹಿಡಿದಳು.

ಹತ್ತು ಗಂಟೆಗೆ ಹಿಂದಿನ ಅಂಗಳಕ್ಕೆ ಕಬ್ಬಿಣದ ಚೌಕಟ್ಟೊಂದನ್ನು ಇಳಿಸಬೇಕಾಗಿತ್ತು. ಅವನ ದನಿ ಕಿವಿಗೆ ಬಂತು. "ಹದಿನೈದು ಅಡಿ. ಹದಿನಾಲ್ಕು."

"ನಿನ್ನೆ ಯಾಕೆ ಬರಲಿಲ್ಲ?" ಅವಳು ವಾಕಿಟಾಕಿಯಲ್ಲೇ ಕೇಳಿಬಿಟ್ಟಳು.

"ಹದಿಮೂರು. ಕೆಲಸದ ಮಾತು ಅಷ್ಟೇ."

"ಒಂದು ಫೋನ್ ಮಾಡೋಕೆ ನಿನಗೆ ಏನು ರೋಗ?"

"ಹನ್ನೆರಡು. ಆಮೇಲೆ ಮಾತಾಡೋಣ. ಹತ್ತು. ಎಂಟು. ಆರು."

ಅಲ್ಲಿಗೆ ದನಿ ನಿಂತಿತು.

ನೋಡಿ, ಅಲ್ಲಿ ಅವಳ ಕೈ ನಿಲ್ಲಬೇಕಿತ್ತು. ನಾಲ್ಕು ವರ್ಷದ ಅನುಭವ, ಗೋಡೆಯ ಮೇಲಿನ ಬೋರ್ಡು, ತರಬೇತಿಯ ಮೊದಲ ದಿನದ ಮೊದಲ ಪಾಠ, ಎಲ್ಲವೂ ಅದನ್ನೇ ಹೇಳುತ್ತಿದ್ದವು. ಆದರೆ ಅವಳಿಗೆ ಕೇಳಿಸಿದ್ದು ಸಿಗ್ನಲ್‌ಮ್ಯಾನಿನ ಮೌನವಲ್ಲ, ಭಾನುವಾರದ್ದೇ ಮೌನ. ಶುರುವಾಯಿತು ಇವನ ಮುನಿಸು, ಮತ್ತೆ ಬಾಯಿಗೆ ಬೀಗ ಹಾಕಿಕೊಂಡ, ಹಾಕಿಕೊಳ್ಳಲಿ, ಇವನು ಹೇಳದಿದ್ದರೆ ನನಗೆ ಆರು ಅಡಿ ಇಳಿಸಲು ಬರುವುದಿಲ್ಲವೇ ಎಂದುಕೊಂಡು ಅವಳು ಲಿವರನ್ನು ಮುಂದಕ್ಕೆ ತಳ್ಳಿದಳು.

ಕೆಳಗೆ ಅವನ ವಾಕಿಟಾಕಿಯ ಬ್ಯಾಟರಿ ಸತ್ತಿತ್ತು. "ನಿಲ್ಲು" ಎಂದು ಅವನು ಮೂರು ಸಲ ಸತ್ತ ಯಂತ್ರಕ್ಕೆ ಹೇಳಿದ್ದ. ಹೊರೆ ಕೂರಿಸುವ ಹಲಗೆ ಸರಿಮಾಡಲು ಬಂದಿದ್ದ, ಸೈಟಿನವರೆಲ್ಲ ಚಿಕ್ಕಪ್ಪ ಎನ್ನುವ ವಯಸ್ಸಾದ ಫಿಟ್ಟರ್ ಚೌಕಟ್ಟಿನ ಕೆಳಗೆ ಬೆನ್ನು ಮಾಡಿ ಕೂತಿದ್ದರು. ಅವನು ಓಡಿಹೋಗಿ ಅವರನ್ನು ಆಚೆ ನೂಕಿದ. ಚೌಕಟ್ಟಿಗೂ ಗೋಡೆಗೂ ನಡುವೆ ಅವನ ಎಡಗೈ ಸಿಕ್ಕಿಕೊಂಡಿತು.

ಎರಡು ಬೆರಳು ಮುರಿದವು. ಚಿಕ್ಕಪ್ಪನ ಪ್ರಾಣ ಉಳಿಯಿತು. ಅವಳು ಮುನ್ನೂರ ಹನ್ನೆರಡು ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ.

*

ಕಂಪನಿಯ ಸೇಫ್ಟಿ ಸಾಹೇಬರು ಕೂಗಾಡುವ ಮನುಷ್ಯನಲ್ಲ. ಅದೇ ಕಷ್ಟವಾಗಿದ್ದು. ಲೈಸೆನ್ಸನ್ನು ಮೇಜಿನ ಡ್ರಾಯರಿನಲ್ಲಿಟ್ಟು, "ಆರು ವಾರ ಮನಸ್ಸು ಹತೋಟಿಗೆ ತರೋ ಕ್ಲಾಸಿಗೆ ಹೋಗಿ. ಆಮೇಲೆ ಒಂದು ದಿನ ನನ್ನೆದುರಿಗೆ ಕೆಲಸ ಮಾಡಿ ತೋರಿಸಿ. ಅವತ್ತು ಕೈ ಸರಿ ಇದ್ರೆ ಕ್ಯಾಬಿನ್ ನಿಮ್ಮದು. ಇಲ್ಲ ಅಂದ್ರೆ ಇನ್ಯಾವ ಸೈಟಲ್ಲೂ ಇಲ್ಲ" ಎಂದರು.

ಅವನನ್ನು ಸೇರಿಸಿದ್ದ ಆಸ್ಪತ್ರೆಗೆ ಅವಳು ಹೋದಳು. ಅವನ ತಾಯಿ ಬಾಗಿಲಲ್ಲೇ ನಿಂತು "ಮಲಗಿದಾನಮ್ಮ" ಎಂದರು. 'ಕೈ ಹೇಗಿದೆ?' ಎಂದು ಮೆಸೇಜ್ ಹಾಕಿದಳು. ಎರಡು ದಿನ ಬಿಟ್ಟು ಉತ್ತರ ಬಂತು: 'ವಾಸಿ ಆಗ್ತಿದೆ.' ಅಷ್ಟೇ. ಆ ಎರಡು ಪದಗಳನ್ನು ಅವಳು ತಿರುವಿ ಮುರುವಿ ಓದಿದಳು. ದ್ವೇಷ ಎಂದು ಓದಿದಳು, ಸಂಬಂಧ ಮುಗಿಯಿತು ಎಂದು ಓದಿದಳು. ಮುಂದಿನ ಮೆಸೇಜನ್ನು ಬರೆದು ಅಳಿಸಿದಳು, ಬರೆದು ಅಳಿಸಿದಳು.

ಕ್ಲಾಸು ನಡೆಯುತ್ತಿದ್ದದ್ದು ಟೈಲರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ನೆಲದಡಿಯಿಂದ ಹೊಲಿಗೆ ಯಂತ್ರದ ಟಕಟಕ. ಆರು ಕುರ್ಚಿ, ಒಬ್ಬ ಬಸ್ ಡ್ರೈವರ್, ಒಬ್ಬ ನರ್ಸ್, ಇನ್ನಿಬ್ಬರು, ಇವಳು. ಪಾಠ ಹೇಳುವ ಟೀಚರಿಗೆ ಸದಾ ನೆಗಡಿ. ಮೊದಲ ದಿನ ಎಲ್ಲರ ಕೈಗೂ ಒಂದೊಂದು ಲೋಟ ತಣ್ಣೀರು ಕೊಟ್ಟು, "ಕುಡೀಬೇಡಿ. ಕೈಯಲ್ಲಿ ಏನಾಗ್ತಿದೆ ಹೇಳಿ" ಎಂದರು.

"ತಣ್ಣಗಿದೆ. ಈ ಆಟಕ್ಕೆಲ್ಲ ನನಗೆ ಟೈಮಿಲ್ಲ" ಎಂದಳು ಅವಳು.

"ತಣ್ಣಗಿದೆ ಅನ್ನೋದು ಕಂಡದ್ದು. ಟೈಮಿಲ್ಲ ಅನ್ನೋದು ನೀನು ಕಟ್ಟಿದ್ದು. ನಿನಗೆ ಆರು ವಾರ ಟೈಮಿದೆ, ನನ್ನ ಹತ್ರ ನಿಮ್ಮ ಕಂಪನಿ ಪತ್ರ ಇದೆ" ಎಂದು ಟೀಚರ್ ಮೂಗು ಒರೆಸಿಕೊಂಡರು. ಬಸ್ ಡ್ರೈವರ್ ಕಿಸಕ್ಕನೆ ನಕ್ಕ.

ಟೀಚರ್ ಹೇಳುತ್ತಿದ್ದದ್ದು ದೊಡ್ಡ ವಿಷಯವೇನಲ್ಲ. "ನಿಮ್ಮೊಳಗೆ ಎರಡು ನಲ್ಲಿ ಇದಾವೆ. ಒಂದು ಬಿಸಿ, ಒಂದು ತಣ್ಣೀರು. ಬಿಸೀದು ಒಂದೇ ಬಿಟ್ರೆ ಮೈ ಸುಡತ್ತೆ. ತಣ್ಣೀರೊಂದೇ ಬಿಟ್ರೆ ನಡುಗ್ತೀರಿ. ಬಕೆಟ್ಟಿಗೆ ಕೈ ಹಾಕಿ ನೋಡ್ತಾ ನೋಡ್ತಾ ಹದ ಮಾಡ್ಕೋಬೇಕು. ಕೈ ಹಾಕದೆ ಹದ ಗೊತ್ತಾಗಲ್ಲ." ಹದ ಮಾಡುವ ದಾರಿ ಎಂದು ಅವರು ಹೇಳಿಕೊಟ್ಟದ್ದು ಇಷ್ಟು: ಪಾದ ನೆಲಕ್ಕೆ ತಾಗಿದೆಯಾ ನೋಡು. ಉಸಿರನ್ನು ನಿಧಾನವಾಗಿ ಹೊರಗೆ ಬಿಡು. ಕಂಡದ್ದನ್ನು, ಕೇಳಿದ್ದನ್ನು ಒಂದೊಂದಾಗಿ ಹೇಳಿಕೋ, ಒಳ್ಳೇದು ಕೆಟ್ಟದ್ದು ಅಂತ ಬಾಲ ಹಚ್ಚಬೇಡ. ಆಮೇಲೆ ಈಗ ಮಾಡಬೇಕಾದ ಒಂದೇ ಒಂದು ಕೆಲಸ ಯಾವುದು ಎಂದು ಕೇಳಿಕೋ.

ಮೂರನೆಯ ವಾರ ಮನೆಗೆಲಸ ಕೊಟ್ಟರು. ಕೆಟ್ಟ ದಿನವನ್ನು ಬರೆಯಬೇಕು, ಕಂಡದ್ದು ಕೇಳಿದ್ದು ಮಾತ್ರ.

ಅವಳು ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಪುಟ ಬರೆದಳು. ಆಮೇಲೆ ಕಟ್ಟಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆಯುತ್ತ ಬಂದಳು. ಮುನಿಸಿಕೊಂಡ ಎಂಬುದನ್ನು ಹೊಡೆದಳು, ಅದು ಕಂಡಿರಲಿಲ್ಲ. ಸೊಕ್ಕು ಎಂಬುದನ್ನು ಹೊಡೆದಳು. ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಎಂಬುದನ್ನೂ ಹೊಡೆದಳು. ನಾಲ್ಕು ಪುಟದಲ್ಲಿ ಕೊನೆಗೆ ಮೂರು ಸಾಲು ಉಳಿದವು. 'ಆರು ಎಂದ. ಆಮೇಲೆ ದನಿ ಇಲ್ಲ. ನಾನು ಇಳಿಸಿದೆ.'

ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು. ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬೆನ್ನ ಮೇಲೆ ಒದ್ದೆ ಕೈ ಇಟ್ಟಳು.

"ಅಕ್ಕ, ಅವನು ಎರಡು ವರ್ಷದಿಂದ ಇದನ್ನೇ ಮಾಡ್ತಿದಾನೆ ಕಣೆ."

"ಏನನ್ನ?"

"ಬೀಳಿಸ್ತೀಯ ನೋಡು ಅನ್ನಲ್ಲ. ಭಲೇ ಅನ್ನಲ್ಲ. ಹತ್ತು ಅಡಿ, ಒಂಬತ್ತು ಅಡಿ, ಅಷ್ಟೇ ಹೇಳೋದು. ಈ ಟೀಚರ್ ಹೇಳೋದನ್ನೇ ಅವನು ದಿನಾ ನನ್ನ ಕಿವೀಲಿ ಹೇಳ್ತಿದ್ದ. ನಾನು ದನಿ ಮಾತ್ರ ಕೇಳಿಸ್ಕೊಂಡೆ."

"ಹಾಗಾದ್ರೆ ಭಾನುವಾರ ಯಾಕೆ ಬರಲಿಲ್ವಂತೆ?"

"ಗೊತ್ತಿಲ್ಲ" ಎಂದಳು ಅವಳು. ಹೇಳಿದ ಮೇಲೆ, ಆ ಪ್ರಶ್ನೆಗೆ ತಾನು ಇಷ್ಟು ದಿನದಲ್ಲಿ ಕೊಟ್ಟ ಮೊದಲ ನಿಜವಾದ ಉತ್ತರ ಅದೇ ಎಂದು ಹೊಳೆಯಿತು.

*

ಪರೀಕ್ಷೆಯ ದಿನ ಶನಿವಾರ. ಗೇಟಿನೊಳಗೆ ಕಾಲಿಟ್ಟ ತಕ್ಷಣ ಮೇಸ್ತ್ರಿ ಅಡ್ಡ ಬಂದ.

"ಮೇಲ್ಮನೆ, ಒಂದು ವಿಷಯ ಹೇಳಿಬಿಡ್ತೀನಿ, ಆಮೇಲೆ ಬೇರೆ ಯಾರೋ ಹೇಳಿ ನಿನ್ನ ಕೈ ನಡುಗೋದು ಬೇಡ. ಇವತ್ತು ಅವನಿಗೆ ಇಲ್ಲಿ ಕೊನೇ ದಿನ. ನದಿ ಆಚೆ ಸೈಟಿಗೆ ವರ್ಗ ಮಾಡಿಸ್ಕೊಂಡಿದಾನೆ. ತಾನಾಗೇ ಕೇಳಿಕೊಂಡು."

ಬಿಸಿ ನಲ್ಲಿ ಪೂರ್ತಿ ತೆರೆದುಕೊಂಡಿತು. ಓಡಿಹೋಗುತ್ತಿದ್ದಾನೆ, ನನ್ನ ಮುಖ ನೋಡಲಾರದೆ ಓಡಿಹೋಗುತ್ತಿದ್ದಾನೆ. ಅವಳು ಬೂಟಿನೊಳಗೆ ಪಾದ ಊರಿದಳು. ವರ್ಗ ಕೇಳಿದ್ದಾನೆ, ಅದು ಕೇಳಿದ್ದು. ಓಡಿಹೋಗುವುದು ನಾನು ಕಟ್ಟಿದ್ದು. ಹೇಳಿಕೊಂಡದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ, ಆದರೆ ನೋವಿನ ಪಕ್ಕದಲ್ಲಿ ನಿಲ್ಲಲು ಅಂಗೈಯಗಲ ಜಾಗ ಸಿಕ್ಕಿತು.

ಅವನು ಏಣಿಯ ಬುಡದಲ್ಲೇ ಇದ್ದ. ಆರು ವಾರದಲ್ಲಿ ಸ್ವಲ್ಪ ಸೊರಗಿದ್ದ. ಗಡ್ಡ ಬೋಳಿಸುವಾಗ ಕಿವಿಯ ಕೆಳಗೆ ಒಂದಿಷ್ಟು ಕೂದಲು ಬಿಟ್ಟುಬಿಟ್ಟಿದ್ದ, ಒಂದೇ ಕೈಯಲ್ಲಿ ಬೋಳಿಸಿಕೊಂಡಿರಬೇಕು. ಎಡಗೈಯ ಎರಡು ಬೆರಳಿಗೆ ಇನ್ನೂ ಪಟ್ಟಿ. ಅವಳು ನೋಡುತ್ತಿರುವುದನ್ನು ಕಂಡು ಕೈಯನ್ನು ಹಿಂದಕ್ಕೆ ಮರೆಮಾಡಿದ. ಆಮೇಲೆ ಏನನ್ನಿಸಿತೋ, ಮುಂದಕ್ಕೇ ತಂದ.

"ಮಡಚೋಕೆ ಬರುತ್ತೆ. ಉಂಗುರದ ಬೆರಳು ಮಾತ್ರ ಇನ್ನೂ ಹಟ ಮಾಡ್ತಿದೆ" ಎಂದ.

ಅವಳಿಗೆ ಆ ಬೆರಳನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಸೇಫ್ಟಿ ಸಾಹೇಬರು ಹತ್ತು ಹೆಜ್ಜೆಯಾಚೆ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ನಿಂತಿದ್ದರು. ಅವಳು ತನ್ನ ಕೈಗವಸನ್ನು ಸುಮ್ಮನೆ ಎರಡು ಸಲ ಎಳೆದುಕೊಂಡಳು. ಅವನು ಅದನ್ನು ನೋಡಿದ. ತುಟಿಯ ಒಂದು ಮೂಲೆ ಮೇಲೆ ಹೋಯಿತು, ಮತ್ತೆ ಗಂಭೀರನಾದ.

"ಬ್ಯಾಟರಿ ಎರಡು ಇಟ್ಕೊಂಡಿದೀನಿ" ಎಂದ.

"ಕೇಳಲಿಲ್ಲ ನಾನು."

"ಗೊತ್ತು. ಹೇಳಿದೆ ಅಷ್ಟೇ." ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಹುಷಾರು."

"ನೀನೂ" ಎಂದಳು. ಏಣಿಯ ಮೊದಲ ಹಿಡಿಯ ಮೇಲೆ ಕೈಯಿಟ್ಟಾಗ ಅವಳ ಕಿವಿ ಬಿಸಿಯಾಗಿತ್ತು.

*

ಬೆಳಗಿನ ಕೆಲಸವೆಲ್ಲ ಕಣ್ಣಿಗೆ ಕಾಣುವಂಥದ್ದು, ತೊಂದರೆಯಾಗಲಿಲ್ಲ. ಹನ್ನೊಂದೂವರೆಗೆ ಜನರೇಟರ್ ಬಂತು, ಮೂರು ಟನ್. ಅದನ್ನು ಇಳಿಸಬೇಕಾದದ್ದು ಅದೇ ಹಿಂದಿನ ಅಂಗಳಕ್ಕೆ. ಸಾಹೇಬರು ಮುಂಗಡೆ ಮೇಸ್ತ್ರಿಯ ಪಕ್ಕ ನಿಂತು ಇನ್ನೊಂದು ವಾಕಿಟಾಕಿ ಕಿವಿಗಿಟ್ಟುಕೊಂಡಿದ್ದರು.

ಕಟ್ಟಡದ ನೆತ್ತಿ ದಾಟಿದ ಮೇಲೆ ಜನರೇಟರ್ ಅವಳ ಕಣ್ಣಿಂದ ಮರೆಯಾಯಿತು. ಕ್ಯಾಬಿನ್ನಿನ ಗಾಳಿ ಮೀಟರ್ ಗಂಟೆಗೆ ಮೂವತ್ತನಾಲ್ಕು ಕಿಲೋಮೀಟರ್ ತೋರಿಸುತ್ತಿತ್ತು. ನಲವತ್ತೈದಾದರೆ ಏನನ್ನೂ ತೂಗುಬಿಡುವ ಹಾಗಿಲ್ಲ.

"ಇಪ್ಪತ್ತು ಅಡಿ" ಎಂದಿತು ಅವನ ದನಿ. "ಹದಿನೆಂಟು. ಸ್ವಲ್ಪ ಎಡಕ್ಕೆ. ಸಾಕು. ಹದಿನೈದು. ಹನ್ನೆರಡು. ಹತ್ತು. ಒಂಬತ್ತು."

ದನಿ ನಿಂತಿತು.

ಅವಳ ಕೈ ನಿಂತಿತು. ಅದು ನಿಂತದ್ದು ಅವಳಿಗೆ ಒಂದು ಗಳಿಗೆ ಬಿಟ್ಟು ಗೊತ್ತಾಯಿತು.

ಕ್ಯಾಬಿನ್ ಸಣ್ಣಗೆ ಓಲಾಡುತ್ತಿತ್ತು. ಎಲ್ಲೋ ಮೂರು ಟನ್ ತೂಗಾಡುತ್ತಿತ್ತು. ಮೂವತ್ತಾರು. ಅವಳಿಗೆ ಅನ್ನಿಸಿದ್ದು ಒಂದಲ್ಲ ಎರಡಲ್ಲ: ಅವನಿಗೆ ಏನೋ ಆಗಿದೆ. ಬಿದ್ದಿದ್ದಾನೆ. ಇಲ್ಲ, ಬೇಕೆಂದೇ ಮಾಡುತ್ತಿದ್ದಾನೆ, ಸೇಡು. ಇಲ್ಲ, ನನ್ನ ಲೈಸೆನ್ಸ್ ಹೋಗಲಿ ಎಂದೇ.

"ಮೇಲ್ಮನೆ, ಯಾಕಮ್ಮ ನಿಲ್ಲಿಸಿದೆ?" ಮೇಸ್ತ್ರಿಯ ದನಿ. "ಗಾಳಿ ಏರ್ತಿದೆ. ಇಳಿಸಿಬಿಡು."

"ಸಿಗ್ನಲ್ ಇಲ್ಲ."

"ಒಂಬತ್ತು ಅಡಿ ತಾನೆ ಉಳಿದಿರೋದು. ನಾನು ಹೇಳ್ತೀನಿ, ನಿಧಾನ ಇಳಿಸು."

"ನೀವು ಹಿಂದಗಡೆ ಇದೀರಾ? ನಿಮಗೆ ನೆಲ ಕಾಣ್ತಿದೆಯಾ?"

"ಇಲ್ಲ, ಆದ್ರೆ—"

"ಹಾಗಾದ್ರೆ ಇಳಿಸಲ್ಲ."

ಮೇಸ್ತ್ರಿ ಏನೋ ಗೊಣಗಿದ. ಮೂವತ್ತೊಂಬತ್ತು. ಲೆಕ್ಕ ಮೇಸ್ತ್ರಿಯ ಕಡೆಗೇ ಇತ್ತು, ಗಾಳಿ ಏರುವಾಗ ತೂಗುಬಿಟ್ಟ ಹೊರೆಗಿಂತ ನೆಲಕ್ಕಿಳಿದ ಹೊರೆ ಮೇಲು. ಭಯವೂ ಅದನ್ನೇ ಹೇಳುತ್ತಿತ್ತು, ಬೇಗ ಮುಗಿಸಿ ಕೆಳಗೆ ಓಡು, ಅವನನ್ನು ನೋಡು. ಎರಡೂ ಒಂದೇ ಕಡೆ ಎಳೆಯುತ್ತಿದ್ದವು.

ಅವಳು ಪಾದ ಊರಿದಳು. ಉಸಿರನ್ನು ಹೊರಗೆ ಬಿಟ್ಟಳು, ಗಾಜಿನ ಮೇಲೆ ಆವಿ ಮೂಡಿ ಹೋಯಿತು. ಕೈ ಲಿವರಿನ ಮೇಲಿದೆ. ಕೈ ಬೆವರಿದೆ. ಎದೆ ಹೊಡೆದುಕೊಳ್ಳುತ್ತಿದೆ. ಗಾಳಿ ನಲವತ್ತು. ಒಂಬತ್ತು ಅಡಿ ಎಂದ. ಆಮೇಲೆ ದನಿ ಇಲ್ಲ. ಅವನಿಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಹೆದರಿಕೆ ಆಗ್ತಿದೆ. ಹೆದರಿಕೆ ಇರಲಿ, ಪಕ್ಕದಲ್ಲಿ ಕೂತಿರಲಿ. ಈಗ ಮಾಡಬೇಕಾದ ಒಂದೇ ಕೆಲಸ ಕೈ ಆಡಿಸದೆ ಇರುವುದು.

ವಾಕಿಟಾಕಿ ಕರ್ ಎಂದಿತು. ಮಾತಿಲ್ಲ. ಉಸಿರಿನ ಸದ್ದು. ಓಡಿ ಬಂದವನ ಉಸಿರಲ್ಲ, ಬಾವಿಗೆ ಬಿದ್ದವನಂತೆ ತುಂಡು ತುಂಡಾದ ಉಸಿರು. ಅವನು ಗುಂಡಿ ಒತ್ತಿ ಹಿಡಿದಿದ್ದಾನೆ, ಮಾತು ಹೊರಡುತ್ತಿಲ್ಲ. ಅವನು ಗುಂಡಿ ಬಿಡುವ ತನಕ ಅವಳು ಮಾತಾಡುವಂತಿರಲಿಲ್ಲ. ಅವಳು ಕಾದಳು. ಕ್ಲಿಕ್ ಎಂದು ಬಿಟ್ಟ.

"ಕೆಳಮನೆ" ಎಂದಳು. ತನ್ನ ದನಿ ಅಷ್ಟು ಮೆಲ್ಲಗೆ ಬಂದದ್ದು ಅವಳಿಗೇ ಆಶ್ಚರ್ಯ. "ನಾನು ನಿಲ್ಲಿಸಿದೀನಿ. ಕೈ ಆಡಿಸಲ್ಲ. ನಿನ್ನ ಪಾದ ನೆಲದ ಮೇಲಿದೆಯಾ?"

ಕರ್. "...ಇದೆ."

"ಕಣ್ಣಿಗೆ ಕಾಣೋದನ್ನ ಹೇಳು. ಒಂದೊಂದೇ."

"ಹಲಗೆ. ಎರಡು ಹಲಗೆ." ಮತ್ತೆ ಉಸಿರು. "ಚಿಕ್ಕಪ್ಪ. ಕೆಳಗೆ ಕೂತಿದಾರೆ. ಅವತ್ತಿನ ಥರಾನೇ. ಬೆನ್ನು ಮಾಡಿ. ನಾನು ನಿಲ್ಲು ಅನ್ನೋಕೆ... ಬಾಯಿ ಬರಲಿಲ್ಲ."

ಮುಂಗಡೆ ಯಾರದೋ ವಾಕಿಟಾಕಿ ಕೆಳಗೆ ಬಿದ್ದ ಸದ್ದಾಯಿತು, ಮೇಸ್ತ್ರಿಯದೇ ಇರಬೇಕು.

"ಆಯ್ತು" ಎಂದಳು. "ಹೊರೆ ನಿಂತಿದೆ. ಹೋಗಿ ಅವರ ಹೆಗಲು ಮುಟ್ಟಿ ಹೊರಗೆ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

ನಲವತ್ತೊಂದು. ನಲವತ್ತೆರಡು. ಅವಳು ಮುಳ್ಳನ್ನು ನೋಡಿದಳು, ಕೈಯನ್ನು ನೋಡಿದಳು. ಇನ್ನೇನನ್ನೂ ನೋಡಲಿಲ್ಲ.

"ಬಂದ್ರು. ಕೆಳಗೆ ಯಾರೂ ಇಲ್ಲ. ಒಂಬತ್ತು ಅಡಿ."

"ಇಳಿಸಲಾ?"

"ಇಳಿಸು. ಎಂಟು. ಏಳು. ಆರು." ಆರರ ಹತ್ತಿರ ಇಬ್ಬರ ಉಸಿರೂ ಒಂದಿಷ್ಟು ತಡೆಯಿತು. "ಐದು. ನಾಲ್ಕು. ಮೆಲ್ಲಗೆ. ಎರಡು. ಒಂದು. ಕೂತಿತು."

ಅವಳು ಲಿವರಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

*

ಅವಳು ಇಳಿದು ಬಂದಾಗ ಸಾಹೇಬರು ಕಾಗದದ ಹಲಗೆಯಿಂದ ಲೈಸೆನ್ಸ್ ತೆಗೆದು ಕೊಟ್ಟರು. ಫಿಟ್ಟರ್ ಚಿಕ್ಕಪ್ಪ ಅವಳ ತಲೆಯ ಮೇಲೆ, ಹೆಲ್ಮೆಟ್ಟಿನ ಮೇಲೆಯೇ, ಕೈಯಿಟ್ಟು, "ಎರಡು ಸಲ ಸತ್ತು ಎರಡು ಸಲ ಹುಟ್ಟಿದೆ ಕಣವ್ವ. ಇನ್ನು ನಿಮ್ಮಿಬ್ಬರ ಕೆಳಗೆ ಕೂರಲ್ಲ" ಎಂದರು. ಮೇಸ್ತ್ರಿ ಮಾತ್ರ ಮುಖ ಕೊಡಲಾರದೆ ವಾಕಿಟಾಕಿಯ ಮಣ್ಣು ಒರೆಸುತ್ತಿದ್ದ.

ಕೆಳಮನೆ ತಾನೇ ಸಾಹೇಬರಿಗೆ ಹೇಳಿದ, "ತಪ್ಪು ನನ್ನದು ಸರ್, ನನ್ನ ದನಿ ಕಟ್ಟಿತು. ಬರ್ಕೊಳ್ಳಿ." ಆಮೇಲೆ ಅವಳ ಕಡೆ ತಿರುಗಿ, "ಬಾ" ಎಂದು ಸೈಟ್ ಆಫೀಸಿನ ಬೋರ್ಡಿನ ಮುಂದೆ ಕರೆದುಕೊಂಡು ಹೋದ.

"ಏಳನೇದು ಓದು."

"ಇದೇನು ಪರೀಕ್ಷೆ ಮೇಲೆ ಪರೀಕ್ಷೆ?"

"ಓದು."

ಅವಳು ಓದಿದಳು. ಗಂಡ ಹೆಂಡತಿ, ಒಡಹುಟ್ಟಿದವರು, ತಂದೆ ಮಕ್ಕಳು ಒಂದೇ ಕೊಕ್ಕೆಯ ಮೇಲೂ ಕೆಳಗೂ ಕೆಲಸ ಮಾಡತಕ್ಕದ್ದಲ್ಲ. ಅವಳು ಎರಡನೆಯ ಸಲ ಓದಿದಳು.

"ಆ ಭಾನುವಾರ ಬಸ್ ಹತ್ತಿದ್ದೆ. ನಿಮ್ಮಕ್ಕನ ಸ್ಟಾಪ್ ಬಂತು, ಇಳೀಲಿಲ್ಲ" ಎಂದ ಅವನು. "ನಿಮ್ಮಕ್ಕನ್ನ ಕೇಳಿದ್ರೆ, ಅವರು ಹೂಂ ಅಂದ್ರೆ, ನೀನು ಮೇಲೆ, ಕೆಳಗೆ ಇನ್ಯಾರೋ. ದಿನಕ್ಕೆ ಎಂಟು ಗಂಟೆ ನೀನು ಇನ್ಯಾರದೋ ದನಿ ಕೇಳ್ತೀಯ. ಅವನು ತಪ್ಪು ಹೇಳಿದ್ರೆ? ಅದಕ್ಕೆ ಒಂದು ಪಟ್ಟಿ ಮಾಡಿದೆ."

"ಪಟ್ಟಿ."

"ಒಂದು ಕಡೆ ಬೇಡ ಅನ್ನೋದಕ್ಕೆ ಕಾರಣಗಳು. ಹನ್ನೊಂದಾದವು. ಇನ್ನೊಂದು ಕಡೆ ಒಂದೇ ಸಾಲು. ಅವಳು ಕಾಯ್ತಿದಾಳೆ ಅಂತ."

"ಆರು ವಾರ ಬಾಯಿ ಬಿಡಲಿಲ್ಲ ನೀನು."

"ಹನ್ನೊಂದನ್ನ ಒಂದೊಂದಾಗಿ ಹೊಡೆದುಹಾಕೋಕೆ ಅಷ್ಟು ದಿನ ಹಿಡೀತು. ಮೊನ್ನೆ ವರ್ಗ ಕೇಳಿದೆ."

ಬಿಸಿ ನಲ್ಲಿ ಮತ್ತೆ ತೆರೆಯಿತು. ಒಂದು ಮಾತು, ಒಂದೇ ಒಂದು ಮಾತು ಫೋನಿನಲ್ಲಿ ಹೇಳಿದ್ದರೆ ಈ ಬೆರಳು ಮುರಿಯುತ್ತಿರಲಿಲ್ಲ. ಎಷ್ಟು ಸಂಜೆಗಳು ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೈಗುಳ ನಾಲಿಗೆಯ ತನಕ ಬಂತು. ಅವಳು ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ನನಗೆ ಕೋಪ ಇದೆ" ಎಂದಳು. "ತುಂಬಾ ಇದೆ. ನಾನು ಮಾಡಿದ್ದಕ್ಕೆ ನಾಚಿಕೆ ಇದೆ. ನಿನ್ನ ಆ ಬೆರಳು ನೋಡಿದ್ರೆ ಸಂಕಟ ಆಗುತ್ತೆ. ಮತ್ತೆ ನಿನ್ನ ಮೇಲೆ ಪ್ರೀತಿ ಇದೆ. ಎಲ್ಲಾ ಒಟ್ಟಿಗೇ ಇದೆ. ಕಾಣ್ತಿರೋದು ಇಷ್ಟು."

ಅವನು ಬೋರ್ಡನ್ನೇ ನೋಡುತ್ತಿದ್ದ. ಕಿವಿಯ ಕೆಳಗೆ ಬೋಳಿಸದೆ ಬಿಟ್ಟ ಆ ಜಾಗ ಕೆಂಪಾಯಿತು.

"ಭಾನುವಾರ ನಾಲ್ಕಕ್ಕೆ ಬರ್ತೀನಿ."

"ಹೋದ ಸಲಾನೂ ಹೀಗೇ ಅಂದಿದ್ದೆ."

"ಹೌದು. ಅಂದಿದ್ದೆ" ಎಂದ.

*

ಭಾನುವಾರ ಅಕ್ಕ ಕಪ್ಪುಗಳನ್ನು ಹೊರಗೆ ತೆಗೆಯಲಿಲ್ಲ. "ಬರಲಿ, ಆಮೇಲೆ ತೆಗಿಯೋಣ" ಎಂದು ಕಪಾಟಿನ ಬಾಗಿಲಿಗೆ ಒರಗಿ ನಿಂತಳು. ಭಾವ ಪೇಪರು ಹಿಡಿದು ಒಂದೇ ಪುಟವನ್ನು ಅರ್ಧ ಗಂಟೆಯಿಂದ ಓದುತ್ತಿದ್ದರು.

ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಅವಳು ಸೋಫಾದ ತುದಿಯಲ್ಲಿ ಕೂತಿದ್ದಳು. ಗಡಿಯಾರ ನಾಲ್ಕೂ ಹದಿನೈದು. ಅಂಗೈ ಒದ್ದೆ. ಅವನು ಇನ್ನೂ ಬಂದಿಲ್ಲ. ಬರುವುದಿಲ್ಲ ಎಂಬ ಮಾತು ಕಟ್ಟಿಕೊಳ್ಳಲು ಬಂತು, ಅದನ್ನು ಕಂಡು ಸುಮ್ಮನಿದ್ದಳು.

ನಾಲ್ಕೂ ಹದಿನೇಳಕ್ಕೆ ಫೋನು ಹೊಡೆದುಕೊಂಡಿತು.

"ಮೇಲ್ಮನೆ."

"ಹೇಳು."

"ಬಸ್ಸಿಂದ ಇಳಿದೆ. ಗೇಟ್ ಹತ್ರ ಇದೀನಿ."

ಅವಳು ಎದ್ದು ಬಾಗಿಲ ಬಳಿ ಬಂದಳು. ಅಕ್ಕನ ಮನೆ ಎರಡನೆಯ ಮಹಡಿಯಲ್ಲಿತ್ತು. ಫೋನಿನಲ್ಲಿ ಹೆಜ್ಜೆಯ ಸದ್ದು. "ಮೂವತ್ತು ಮೆಟ್ಟಿಲು" ಎಂದ. "ಇಪ್ಪತ್ತೈದು. ಇಲ್ಲಿ ಯಾರದೋ ಸೈಕಲ್ ಇದೆ. ಇಪ್ಪತ್ತು. ಹದಿನೈದು." ಉಸಿರು ಏರಿತ್ತು. "ಹತ್ತು. ಒಂಬತ್ತು. ಎಂಟು. ಏಳು. ಆರು."

ದನಿ ನಿಂತಿತು.

ಅವಳ ಕೈ ಚಿಲಕದ ಮೇಲಿತ್ತು. ಅಲ್ಲೇ ನಿಂತಿತು.

"ಬಂದ್ನೇನೇ? ಬಾಗಿಲು ತೆಗಿ" ಎಂದಳು ಅಕ್ಕ.

"ಇರು ಅಕ್ಕ. ಅವನಿನ್ನೂ ಹೇಳಿಲ್ಲ."

ಭಾವ ಪೇಪರು ಕೆಳಗಿಟ್ಟರು. ಮೆಟ್ಟಿಲ ಮೇಲೆ ಸದ್ದಿರಲಿಲ್ಲ. ಅವನು ವಾಪಸು ಇಳಿದು ಹೋಗಿರಬಹುದು, ನಿಂತೂ ಇರಬಹುದು. ಅವಳಿಗೆ ಗೊತ್ತಿರಲಿಲ್ಲ. ಚಿಲಕ ತಣ್ಣಗಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಕಾದಳು.

"ಹೆದರಿಕೆ ಆಗ್ತಿದೆ" ಎಂದಿತು ಫೋನಿನ ದನಿ.

"ಹೂಂ. ನನಗೂ."

"ಆದ್ರೂ ಹತ್ತಿದೀನಿ. ಐದು. ನಾಲ್ಕು." ಈಗ ಹೆಜ್ಜೆಯ ಸದ್ದು ಫೋನಿನಲ್ಲೂ ಬಾಗಿಲಾಚೆಯೂ ಒಟ್ಟಿಗೆ ಕೇಳಿಸಿತು. "ಮೂರು. ಎರಡು. ಒಂದು. ನಿನ್ನ ಬಾಗಿಲ ಮುಂದೆ ನಿಂತಿದೀನಿ. ನಿಮ್ಮಕ್ಕನ್ನ ಕೇಳೋಕೆ ಬಂದಿದೀನಿ. ತೆಗಿ."

ಹಿಂದೆ ಅಕ್ಕ ಕಪಾಟು ತೆರೆದು ಕಪ್ಪುಗಳನ್ನು ಒಂದೊಂದಾಗಿ ಹೊರಗೆ ಇಡುತ್ತಿದ್ದಳು. ಅವಳು ಬಾಗಿಲು ತೆಗೆದಳು.